ಬಾವಿ ನೀರಲ್ಲಿ ಇ.ಕೋಲಿ ಬಂದಿದೆ. ಅಷ್ಟಕ್ಕೇ ಕಾಯಿಲೆ ಬರುತ್ತದಾ?

ಪೆರ್ಲದ ತೋಟ
ನಾವು ಕೇರಳದ ಕಾಸರಗೋಡು ಕಡೆಯವರು. ಮಳೆ ಹಿಡಿದ ಮೇಲೆ ನಮ್ಮ ಆಸುಪಾಸಿನ ಮನೆಗಳಲ್ಲಿ ವಾಂತಿಭೇದಿ. ಯಾವುದಕ್ಕೂ ಇರಲಿ ಅಂತ ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟೆವು. ವರದಿಯಲ್ಲಿ ‘ಇ.ಕೋಲಿ ಪತ್ತೆಯಾಗಿದೆ’ ಅಂತ ಒಂದು ಸಾಲು, ಅಷ್ಟೇ. ಅಮ್ಮ ಹೇಳುವುದು, ಅಜ್ಜನ ಕಾಲದಿಂದ ಇದೇ ನೀರು, ಯಾರಿಗೂ ಏನೂ ಆಗಿಲ್ಲ. ಭಾವ ಫಾರ್ಮಸಿ ಓದಿದವನು. ಅವನ ಪ್ರಕಾರ ಇ.ಕೋಲಿ ಎಲ್ಲರ ಹೊಟ್ಟೆಯಲ್ಲೂ ಇರುತ್ತದೆ, ಅದರೊಳಗೆ ‘ಪ್ಲಾಸ್ಮಿಡ್’ ಇದ್ದರೆ ಮಾತ್ರ ತೊಂದರೆ. ಹಾಗಾದರೆ ನಮ್ಮ ಬಾವಿಯಲ್ಲಿರುವುದು ಯಾವುದು? ವರದಿ ನೋಡಿ ಹೇಳಲಿಕ್ಕೆ ಆಗುತ್ತದಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ ಓದುವವ
ಬಾವಿಗೂ ಕಕ್ಕಸು ಗುಂಡಿಗೂ ಎಷ್ಟು ದೂರ? ಮೊದಲು ಅದು ಹೇಳಿ. ಪ್ಲಾಸ್ಮಿಡ್ ಆಮೇಲೆ ನೋಡುವಾ.

ಲ್ಯಾಬ್ ಕೋಟು
ನಾನು ಬದಿಯಡ್ಕದವನು, ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ. ನಿಮ್ಮ ಭಾವ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಬರೆಯುತ್ತೇನೆ.

ಇ.ಕೋಲಿ ಒಂದು ಬ್ಯಾಕ್ಟೀರಿಯಾ. ನನ್ನ ಹೊಟ್ಟೆಯಲ್ಲೂ ಇದೆ, ನಿಮ್ಮ ಹೊಟ್ಟೆಯಲ್ಲೂ ಇದೆ, ಕೊಟ್ಟಿಗೆಯ ದನದ ಹೊಟ್ಟೆಯಲ್ಲೂ ಇದೆ. ಅದರ ಮುಖ್ಯ ಡಿಎನ್‌ಎ ಇರುವುದು ಕ್ರೋಮೋಸೋಮಿನಲ್ಲಿ. ಅದರ ಹೊರಗೆ ಬೇರೆಯೇ ಆಗಿ, ಸಾಮಾನ್ಯವಾಗಿ ದುಂಡಗೆ ಮುಚ್ಚಿಕೊಂಡಿರುವ ಚಿಕ್ಕ ಡಿಎನ್‌ಎಗೆ ಪ್ಲಾಸ್ಮಿಡ್ ಅನ್ನುತ್ತಾರೆ. ಕ್ರೋಮೋಸೋಮು ಜಾಗದ ಪಟ್ಟೆ ಪತ್ರ ಇದ್ದ ಹಾಗೆ, ಮನೆ ಬಿಟ್ಟು ಹೋಗುವುದಿಲ್ಲ. ಪ್ಲಾಸ್ಮಿಡ್ ಅಂಗಿ ಜೇಬಿನ ಚೀಟಿ. ನಕಲು ತೆಗೆದು ಪಕ್ಕದವನ ಕೈಗೂ ಕೊಡಬಹುದು, ಎಲ್ಲೋ ಬಿದ್ದೂ ಹೋಗಬಹುದು.

ನೀರುಭೇದಿ ತರುವ ಇ.ಕೋಲಿ ಗುಂಪೊಂದಿದೆ, ಇಟೆಕ್ ಅಂತ ಕರೆಯುತ್ತೇವೆ. ಅದು ಮಾಡುವ ವಿಷ ಎರಡು. ಎಲ್‌ಟಿ ಬಿಸಿಗೆ ಕೆಡುತ್ತದೆ, ಎಸ್‌ಟಿ ಬಿಸಿಗೂ ಜಗ್ಗುವುದಿಲ್ಲ. ಎರಡರ ಜೀನುಗಳೂ ಹೆಚ್ಚಾಗಿ ಪ್ಲಾಸ್ಮಿಡ್ ಮೇಲೆಯೇ ಇರುತ್ತವೆ. ಇವು ಕರುಳಿನ ಜೀವಕೋಶವನ್ನು ಕೊಲ್ಲುವುದಿಲ್ಲ. ಒಳಗಿನ ಸ್ವಿಚ್ ಒತ್ತಿ ಹಿಡಿಯುತ್ತವೆ. ಎಲ್‌ಟಿಯಿಂದ ಸೈಕ್ಲಿಕ್ ಎಎಂಪಿ ಅನ್ನುವ, ಕೋಶದೊಳಗೆ ಸುದ್ದಿ ಮುಟ್ಟಿಸುವ ಅಣು ಏರುತ್ತದೆ, ಎಸ್‌ಟಿಯಿಂದ ಸೈಕ್ಲಿಕ್ ಜಿಎಂಪಿ. ಉಪ್ಪಿನಂಶ ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆಯೇ ನೀರು. ಇಷ್ಟೇ ಭೇದಿ.

ಆದರೆ ವಿಷ ಒಂದಿದ್ದರೆ ಸಾಲದು. ಬ್ಯಾಕ್ಟೀರಿಯಾ ಸಣ್ಣ ಕರುಳಿಗೆ ಅಂಟಿಕೊಂಡು ನಿಲ್ಲಬೇಕು, ಇಲ್ಲದಿದ್ದರೆ ಹರಿವಿನ ಜೊತೆ ಹೊರಟು ಹೋಗುತ್ತದೆ. ಅಂಟಲು ಬೇಕಾದ ನವಿರಾದ ಕೂದಲುಗಳ ಜೀನು ಕೂಡ ಹೆಚ್ಚಾಗಿ ಪ್ಲಾಸ್ಮಿಡ್‌ನಲ್ಲೇ. ಇಂಗ್ಲೆಂಡಿನಲ್ಲಿ ವಿಲಿಯಮ್ಸ್ ಸ್ಮಿತ್ ಮತ್ತು ಲಿಂಗುಡ್ 1971ರಲ್ಲಿ ಹಂದಿಮರಿಗಳಲ್ಲಿ ಇದನ್ನು ತೋರಿಸಿದರು. ಅಂಟುವ ಪ್ಲಾಸ್ಮಿಡ್, ವಿಷದ ಪ್ಲಾಸ್ಮಿಡ್, ಎರಡೂ ಇದ್ದರೆ ಮರಿಗೆ ಭೇದಿ ಜೋರು. ಒಂದನ್ನು ತೆಗೆದರೆ ಜೋರು ಇಳಿಯುತ್ತದೆ. ಮತ್ತೆ ಕೊಟ್ಟರೆ ಪುನಃ ಶುರು. ಅದೇ ಬ್ಯಾಕ್ಟೀರಿಯಾ!

ಇನ್ನು ನಿಮ್ಮ ವರದಿ. ಅದರಿಂದ ಯಾವ ಪ್ಲಾಸ್ಮಿಡ್ ಇದೆ ಅಂತ ಗೊತ್ತಾಗುವುದಿಲ್ಲ. ಆ ಪರೀಕ್ಷೆ ಕೇಳುವ ಪ್ರಶ್ನೆಯೇ ಬೇರೆ. ಬಾವಿಗೆ ಮಲ ಸೇರಿದೆಯಾ ಇಲ್ಲವಾ, ಅಷ್ಟೇ.

ಪೆರ್ಲದ ತೋಟ
ಅಂದರೆ ನಮ್ಮದು ನಿರಪಾಯಕಾರಿ ಇ.ಕೋಲಿಯೇ ಇರಬಹುದು ಅಲ್ವಾ?

ಲ್ಯಾಬ್ ಕೋಟು
ಇರಬಹುದು. ಹೆಚ್ಚಿನದ್ದು ಹಾಗೆಯೇ ಇರುತ್ತದೆ. ಆದರೆ ಯಾವ ದಾರಿಯಲ್ಲಿ ಅದು ಬಂತೋ ಅದೇ ದಾರಿಯಲ್ಲಿ ಇಟೆಕ್ ಬರುತ್ತದೆ, ಆಮಶಂಕೆ ತರುವ ಷಿಗೆಲ್ಲ ಬರುತ್ತದೆ, ಟೈಫಾಯ್ಡ್ ಬರುತ್ತದೆ, ಹೆಪಟೈಟಿಸ್ ಎ ಕೂಡ ಬರುತ್ತದೆ. ಅದಕ್ಕೇ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ನೀರಿನ 100 ಮಿ.ಲೀ.ನಲ್ಲಿ ಒಂದೇ ಒಂದು ಇ.ಕೋಲಿ ಕೂಡ ಸಿಗಬಾರದು. ಒಳ್ಳೆಯದಾ ಕೆಟ್ಟದ್ದಾ ಅಂತ ಅಲ್ಲಿ ಕೇಳುವುದೇ ಇಲ್ಲ.

ಬಾಯಾರು ಸುರಂಗ
ಬಾವಿಯವರ ಕಥೆ ಬಿಡಿ. ನಮ್ಮದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು. ಗುಡ್ಡದ ಹೊಟ್ಟೆಯಿಂದ ಬರುತ್ತದೆ, ಮುರಕಲ್ಲು ಸೋಸಿ ಕೊಡುತ್ತದೆ. ಅದಕ್ಕಿಂತ ಶುದ್ಧ ಬೇರೆ ಬೇಕಾ? ಈ ಪರೀಕ್ಷೆ ಎಲ್ಲ ಪೇಟೆಯವರಿಗೆ.

ಸುಮ್ನೆ ಓದುವವ
ಸುರಂಗದೊಳಗೆ ಬಾವಲಿ ಇಲ್ವಾ?

ಬಾಯಾರು ಸುರಂಗ
ಬಾವಲಿ ಇದ್ದೇ ಇರುತ್ತದೆ. ನಮಗಿಂತ ಮೊದಲಿನಿಂದ ಇದೆ.

ಅಡೂರು ಇಂಜಿನಿಯರ್
ಮುರಕಲ್ಲು ಸೋಸುತ್ತದೆ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಒಂದು ಕಲ್ಲು ಮುರಿದು ನೋಡಿ. ಬೆರಳು ತೂರುವಷ್ಟು ತೂತುಗಳು, ಒಂದಕ್ಕೊಂದು ಸೇರಿಕೊಂಡಿರುತ್ತವೆ. ಮರಳಲ್ಲಿ ನೀರು ನಿಧಾನ ಇಳಿಯುತ್ತದೆ, ಮುರಕಲ್ಲಿನ ಬಿರುಕಲ್ಲಿ ಓಡುತ್ತದೆ. ಬ್ಯಾಕ್ಟೀರಿಯಾಕ್ಕೆ ಆ ತೂತು ಹೆದ್ದಾರಿ. ಜೂನ್ ಜುಲೈಯಲ್ಲಿ ಅಂತರ್ಜಲ ಮೇಲೆ ಬರುತ್ತದೆ, ಕಕ್ಕಸು ಗುಂಡಿಯ ತಳವೂ ನೀರಲ್ಲೇ. ಅದಕ್ಕೇ ಮಳೆಗಾಲದ ವರದಿ ಬೇರೆ, ಬೇಸಿಗೆಯ ವರದಿ ಬೇರೆ. ಕೇರಳದ ಕಟ್ಟಡ ನಿಯಮದಲ್ಲಿ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಗುಂಡಿ ಮಾಡಬಾರದು ಅಂತಿದೆ. ಮುರಕಲ್ಲಿನ ಇಳಿಜಾರಲ್ಲಿ ನನಗೆ ಅದೂ ಕಡಿಮೆ ಅನಿಸುತ್ತದೆ, ಗುಂಡಿ ಮೇಲೆ ಬಾವಿ ಕೆಳಗೆ ಇದ್ದರೆ ಕೇಳುವುದೇ ಬೇಡ. ಸುರಂಗಕ್ಕೂ ಅಷ್ಟೇ. ಮೇಲಿನ ಗುಡ್ಡ ಖಾಲಿ ಇದ್ದಾಗ ನೀರು ಚೊಕ್ಕ. ಈಗ ಆ ಗುಡ್ಡದ ನೆತ್ತಿಯಲ್ಲಿ ಹತ್ತು ಹತ್ತು ಸೆಂಟ್ಸಿನ ಮನೆಗಳಿವೆ.

ಬಾಯಾರು ಸುರಂಗ
ನಮ್ಮ ಗುಡ್ಡದ ಮೇಲೆ ಮನೆ ಇಲ್ಲ. ರಬ್ಬರ್ ಇದೆ.

ಕುಂಬಳೆ ಕಡಲು
ಅಮ್ಮ ಹೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಜ್ಜನ ಕಾಲದವರಿಗೆ ಯಾಕೆ ಏನೂ ಆಗಲಿಲ್ಲ?

ಲ್ಯಾಬ್ ಕೋಟು
ಎರಡು ಕಾರಣ. ಒಂದು, ಅಜ್ಜನ ಕಾಲದಲ್ಲಿ ಗುಂಡಿಯೇ ಇರಲಿಲ್ಲ, ಗುಡ್ಡೆಗೆ ಹೋಗುತ್ತಿದ್ದರು. ಬಾವಿ ಅಂಗಳದಲ್ಲಿತ್ತು. ಎರಡನೆಯದು, ಚಿಕ್ಕಂದಿನಿಂದ ಇಟೆಕ್ ಹೊಟ್ಟೆಗೆ ಹೋಗುತ್ತಾ ಇದ್ದರೆ ದೊಡ್ಡವರಾದ ಮೇಲೆ ಅಷ್ಟು ಕಾಡುವುದಿಲ್ಲ. ಪೆಟ್ಟು ಬೀಳುವುದು ಎರಡು ವರ್ಷದೊಳಗಿನ ಮಕ್ಕಳಿಗೆ, ಮತ್ತೆ ಹೊರಗಿಂದ ಬಂದವರಿಗೆ. ಬೆಂಗಳೂರಿಂದ ಬಂದ ಮೊಮ್ಮಕ್ಕಳಿಗೆ ಮಾತ್ರ ಹೊಟ್ಟೆ ಕೆಡುತ್ತದೆ, ಇಲ್ಲಿಯವರು ಆರಾಮ ಇರುತ್ತಾರೆ. ಪೇಟೆ ಮಕ್ಕಳು ನಾಜೂಕು ಅಂತ ನಗಾಡುತ್ತೇವೆ. ನೀರಿನ ಮೇಲೆ ಸಂಶಯ ಬರುವುದಿಲ್ಲ.

‘ಯಾರಿಗೂ ಏನೂ ಆಗಿಲ್ಲ’ ಅನ್ನುವುದನ್ನೂ ಸ್ವಲ್ಪ ವಿಚಾರಿಸಬೇಕು. ಆ ಕಾಲದಲ್ಲಿ ಭೇದಿಯಿಂದ ತೀರಿಕೊಂಡ ಕೂಸುಗಳ ಲೆಕ್ಕ ಇಟ್ಟವರು ಯಾರು?

ಮುಳ್ಳೇರಿಯ ಅಮ್ಮ
ಇದು ನಿಜ. ನನ್ನ ಅಜ್ಜಿ ಹೆತ್ತ ಮಕ್ಕಳಲ್ಲಿ ಉಳಿಯದವರ ಹೆಸರೂ ನಮಗೆ ಗೊತ್ತಿಲ್ಲ.

ಗಿಡ್ಡ ದನ
ನಮ್ಮಲ್ಲಿ ಕಾಸರಗೋಡು ಗಿಡ್ಡ ತಳಿಯ ದನಗಳಿವೆ. ಹುಟ್ಟಿದ ಎರಡು ಮೂರು ದಿನದಲ್ಲಿ ಕರುವಿಗೆ ಬಿಳಿ ಭೇದಿ ಬರುವುದುಂಟು. ಡಾಕ್ಟ್ರು ಇ.ಕೋಲಿ ಅನ್ನುತ್ತಾರೆ. ಅದೂ ಇದೇನಾ? ಮಕ್ಕಳಿಗೆ ದಾಟುತ್ತದಾ?

ಲ್ಯಾಬ್ ಕೋಟು
ಅದೇ ಸಂಸಾರ. ಕರುವಿನ ಇಟೆಕ್‌ಗೆ ಕೆ99 ಅನ್ನುವ ಅಂಟುಕೂದಲು ಇರುತ್ತದೆ, ಅದರ ಜೀನು ಪ್ಲಾಸ್ಮಿಡ್‌ನಲ್ಲಿದೆ. ಜೊತೆಗೆ ಎಸ್‌ಟಿ ವಿಷ. ಹುಟ್ಟಿದ ಮೊದಲ ಕೆಲವು ದಿನ ಮಾತ್ರ ಕರುವಿನ ಕರುಳು ಅದಕ್ಕೆ ಹಿಡಿತ ಕೊಡುತ್ತದೆ. ಮನುಷ್ಯನ ಕರುಳಿಗೆ ಹಿಡಿಯುವ ಕೂದಲು ಬೇರೆ ಜಾತಿಯದ್ದು. ಹಾಗಾಗಿ ಈ ಕರುಭೇದಿ ಮಕ್ಕಳಿಗೆ ದಾಟುವ ಭಯ ಜಾಸ್ತಿ ಬೇಡ. ಸೆಗಣಿ ಮುಟ್ಟಿದ ಕೈ ತೊಳೆಯುವುದು ಹೇಗೂ ಬೇಕು, ದನದಿಂದ ಬರುವ ಬೇರೆ ಇ.ಕೋಲಿ ಇವೆ. ಕರುವಿಗೆ ಹುಟ್ಟಿದ ಕೂಡಲೇ, ಮೊದಲ ಕೆಲವು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ತುಂಬ ಕುಡಿಸಿ. ತಾಯಿಯ ಪ್ರತಿಕಾಯ ಸಿಗುವುದು ಅದರಿಂದಲೇ. ಗಿಣ್ಣು ನಮಗೆ ಬೇಕು ಅಂತ ಕರೆದು ಇಟ್ಟುಕೊಳ್ಳುವವರು ಮೊದಲು ಕರುವಿನ ಪಾಲು ಬಿಡಿ.

ಗಿಡ್ಡ ದನ
ಗಿಣ್ಣಿನ ಪಾಲಿನ ಜಗಳ ನಮ್ಮ ಮನೆಯದ್ದೇ!

ಕುಂಬಳೆ ಕಡಲು
2022ರ ಮೇ ತಿಂಗಳಲ್ಲಿ ಚೆರ್ವತ್ತೂರಿನಲ್ಲಿ ಶವರ್ಮ ತಿಂದು ಒಬ್ಬಳು ಹುಡುಗಿ ತೀರಿಕೊಂಡದ್ದು ನೆನಪಿದೆಯಾ? ತುಂಬ ಜನ ಆಸ್ಪತ್ರೆ ಸೇರಿದ್ದರು. ಆಗ ಷಿಗೆಲ್ಲ ಅಂತ ಪೇಪರಲ್ಲಿ ಬಂತು. ಅದು ಇ.ಕೋಲಿ ಅಲ್ಲ ತಾನೇ?

ಲ್ಯಾಬ್ ಕೋಟು
ಹೆಸರಲ್ಲಿ ಬೇರೆ, ವಂಶದಲ್ಲಿ ಇ.ಕೋಲಿಯೇ. ಡಿಎನ್‌ಎ ನೋಡಿದರೆ ಷಿಗೆಲ್ಲ ಇ.ಕೋಲಿ ಮರದ ಕೊಂಬೆಗಳಲ್ಲಿ ಬರುತ್ತದೆ. ಜಪಾನಿನಲ್ಲಿ 1897ರಲ್ಲಿ ದೊಡ್ಡ ಆಮಶಂಕೆ ಬಂದಾಗ ಕಿಯೋಶಿ ಶಿಗಾ ಗುರುತಿಸಿದ್ದು, ಹಾಗಾಗಿ ಆ ಹೆಸರು ನಿಂತಿತು.

ಇದರ ಪ್ಲಾಸ್ಮಿಡ್ ದೊಡ್ಡದು, ಡಿಎನ್‌ಎಯ ಸುಮಾರು 2 ಲಕ್ಷದ 20 ಸಾವಿರ ಅಕ್ಷರದಷ್ಟು ಉದ್ದ. ಪಿಇನ್ವ್ ಅಂತ ಹೆಸರು. ಕರುಳಿನ ಜೀವಕೋಶಕ್ಕೆ ಸೂಜಿ ಚುಚ್ಚಿದಂತೆ ಪ್ರೋಟೀನು ಇಳಿಸುವ ಯಂತ್ರ, ಒಳಗೆ ನುಗ್ಗಿದ ಮೇಲೆ ಪಕ್ಕದ ಕೋಶಕ್ಕೆ ತಳ್ಳಿಕೊಂಡು ಹೋಗುವ ಸಾಮಾನು, ಒಂದು ಕರುಳುವಿಷ, ಎಲ್ಲ ಅದರಲ್ಲೇ. ಅದು ಕಳೆದುಹೋದ ಷಿಗೆಲ್ಲ ಆಮಶಂಕೆ ತರುವುದಿಲ್ಲ. ಇದನ್ನು ಸಾನ್ಸೊನೆಟ್ಟಿ ಮತ್ತು ಜೊತೆಗಾರರು 1980ರ ದಶಕದ ಶುರುವಿನಲ್ಲಿ ತೋರಿಸಿದರು.

ಇನ್ನೊಂದು ವಿಷಯ. ಇಟೆಕ್ ಕಾಯಿಲೆ ತರಲು ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಬೇಕು. ಷಿಗೆಲ್ಲಕ್ಕೆ 10ರಿಂದ 100 ಸಾಕು. ಅದರ ಮೂಲ ಮನುಷ್ಯನೇ. ಕೋಳಿಯಿಂದ ಹುಟ್ಟುವುದಿಲ್ಲ. ಮಾಂಸ ಕೆಟ್ಟಿತ್ತು ಅಂತ ಎಲ್ಲರೂ ಬೈಯುತ್ತಾರೆ, ಕೈ ತೊಳೆಯದೆ ಬಡಿಸಿದವನ ವಿಚಾರ ಬರುವುದೇ ಇಲ್ಲ.

ಅಡೂರು ಇಂಜಿನಿಯರ್
ಒಂದು ಸಂಶಯ. 2 ಲಕ್ಷ ಅಕ್ಷರದ ಭಾರ ಹೊತ್ತುಕೊಂಡು ತಿರುಗುವುದು ಬ್ಯಾಕ್ಟೀರಿಯಾಕ್ಕೆ ನಷ್ಟ ಅಲ್ವಾ? ಬೇಡದಿದ್ದಾಗ ಬಿಸಾಡಬಹುದಲ್ಲ.

ಲ್ಯಾಬ್ ಕೋಟು
ನಾನು ಕಾಯುತ್ತಿದ್ದ ಪ್ರಶ್ನೆ! ಈ ಕಸುಬಿನಲ್ಲಿ ನನಗೆ ತುಂಬ ಇಷ್ಟದ ಭಾಗ ಇದು.

ಮೊದಲನೆಯದು, ಖರ್ಚು ಉಳಿಸುತ್ತದೆ. ಪಿಇನ್ವ್‌ನ ದಾಳಿಯ ಜೀನುಗಳು 37 ಡಿಗ್ರಿಯಲ್ಲಿ ಚಾಲೂ, 30ಕ್ಕೆ ಬಂದರೆ ಬಂದ್. ಬಾವಿಯ ನೀರಲ್ಲಿ, ಬೆಂಚಿನ ಮೇಲೆ, ಸೌಟಿನ ಹಿಡಿಯಲ್ಲಿ ಸುಮ್ನೆ ಮಲಗಿರುತ್ತದೆ. ಮನುಷ್ಯನ ಮೈಬಿಸಿ ತಾಗಿದ ಮೇಲೆ ಏಳುತ್ತದೆ.

ಎರಡನೆಯದು ಪಕ್ಕಾ ಬ್ಲ್ಯಾಕ್‌ಮೇಲ್. ಪ್ಲಾಸ್ಮಿಡ್ ತಾನಿರುವ ಬ್ಯಾಕ್ಟೀರಿಯಾದೊಳಗೆ ಒಂದು ವಿಷವನ್ನೂ ಅದರ ಮದ್ದನ್ನೂ ಒಟ್ಟಿಗೆ ಮಾಡಿಸುತ್ತದೆ. ಇದು ನಮ್ಮ ಕರುಳಿಗೆ ಇರುವ ವಿಷ ಅಲ್ಲ, ಬ್ಯಾಕ್ಟೀರಿಯಾಕ್ಕೇ ಇರುವುದು. ವಿಷ ಬಹಳ ಹೊತ್ತು ಉಳಿಯುತ್ತದೆ, ಮದ್ದು ಬೇಗ ಕರಗುತ್ತದೆ. ಪ್ಲಾಸ್ಮಿಡ್ ಇರುವ ತನಕ ಹೊಸ ಮದ್ದು ಬರುತ್ತಾ ಇರುತ್ತದೆ, ತೊಂದರೆ ಇಲ್ಲ. ಕೋಶ ಎರಡಾಗಿ ಒಡೆಯುವಾಗ ಒಂದು ಮರಿಗೆ ಪ್ಲಾಸ್ಮಿಡ್ ಸಿಗಲಿಲ್ಲ ಅಂತಿಟ್ಟುಕೊಳ್ಳಿ. ಅಮ್ಮನಿಂದ ಬಂದ ವಿಷ ಅದರಲ್ಲಿ ಉಳಿದಿದೆ, ಮದ್ದು ಮುಗಿಯಿತು, ಹೊಸದು ಮಾಡುವ ಜೀನು ಇಲ್ಲ. ಮರಿ ಸಾಯುತ್ತದೆ, ಇಲ್ಲವೇ ಬೆಳೆಯುವುದು ನಿಲ್ಲಿಸುತ್ತದೆ. ನನ್ನನ್ನು ಬಿಟ್ಟರೆ ನೀನು ಉಳಿಯುವುದಿಲ್ಲ ಅಂತ ಕಟ್ಟಿ ಹಾಕಿದ ಲೆಕ್ಕ. ಪಿಇನ್ವ್‌ನಲ್ಲಿ ಇಂಥ ಜೋಡಿಗಳು ಒಂದಲ್ಲ, ಹಲವು.

ಅಷ್ಟಾದರೂ ಲ್ಯಾಬಲ್ಲಿ ಕಳೆದುಹೋಗುತ್ತದೆ. ಕಾಂಗೋ ರೆಡ್ ಅನ್ನುವ ಬಣ್ಣ ಹಾಕಿದ ತಟ್ಟೆಯಲ್ಲಿ ಷಿಗೆಲ್ಲ ಹರಡಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟರೆ, ಪ್ಲಾಸ್ಮಿಡ್ ಇರುವ ಚುಕ್ಕೆಗಳು ಬಣ್ಣ ಹೀರಿ ಕೆಂಪಾಗಿರುತ್ತವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಅಂಚಿನಲ್ಲಿ ತುಸು ದೊಡ್ಡದಾಗಿ. ಅವು ಪ್ಲಾಸ್ಮಿಡ್ ಚೀಟಿ ಕಳೆದುಕೊಂಡವು. ಸೊನ್ನೈ ಅನ್ನುವ ಜಾತಿಯಲ್ಲಂತೂ ಇದು ಬೇಗ ಆಗುತ್ತದೆ. ನಾಲ್ಕು ಸಲ ತಟ್ಟೆಯಿಂದ ತಟ್ಟೆಗೆ ದಾಟಿಸುವಷ್ಟರಲ್ಲಿ ಬಿಳಿಯವೇ ತುಂಬಿಕೊಂಡಿರುತ್ತವೆ, ಪ್ರಯೋಗ ಮಾಡಬೇಕಾದವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಗಡಿನಾಡ ಗಟ್ಟಿ ಧ್ವನಿ
ಇದೆಲ್ಲ ಲ್ಯಾಬಲ್ಲಿ ಮಾಡಿ ಬಿಟ್ಟದ್ದು. ಪ್ಲಾಸ್ಮಿಡ್ ಹಾಕಿ ರೋಗ ತಯಾರಿಸುವುದು, ಆಮೇಲೆ ಮದ್ದು ಮಾರುವುದು. ಯೂಟ್ಯೂಬಲ್ಲಿ ಇದೆ ನೋಡಿ.

ಬಾಯಾರು ಸುರಂಗ
ಯೂಟ್ಯೂಬಲ್ಲಿ ಅಡಿಕೆಗೆ ಕೆಜಿಗೆ ಸಾವಿರ ಆಗುತ್ತದೆ ಅಂತಲೂ ಇದೆ.

ಲ್ಯಾಬ್ ಕೋಟು
ಲ್ಯಾಬಲ್ಲಿ ಜೀನು ಕತ್ತರಿಸಿ ಅಂಟಿಸುವ ಕೆಲಸ ಶುರುವಾದದ್ದೇ 1970ರ ದಶಕದಲ್ಲಿ. ಅದಕ್ಕೆ ಮುಂಚೆ, 1950ರ ದಶಕದಲ್ಲೇ ಜಪಾನಿನ ಆಸ್ಪತ್ರೆಗಳಲ್ಲಿ ಒಂದೇ ಸಲಕ್ಕೆ ಹಲವು ಮದ್ದಿಗೆ ಬಗ್ಗದ ಷಿಗೆಲ್ಲ ಬಂದಿತ್ತು. 1959ರಲ್ಲಿ ಅಲ್ಲಿಯವರು, ಇ.ಕೋಲಿಯ ಜೊತೆ ಇಟ್ಟರೆ ಸಾಕು, ಆ ಶಕ್ತಿ ಷಿಗೆಲ್ಲಕ್ಕೆ ದಾಟುತ್ತದೆ ಅಂತ ಕಂಡುಕೊಂಡರು. ದಾಟಿಸಿದ್ದು ಪ್ಲಾಸ್ಮಿಡ್. ಯಾರೂ ಹಾಕಿದ್ದಲ್ಲ.

ಎಲ್ಲ ಪ್ಲಾಸ್ಮಿಡ್‌ಗಳೂ ಹೀಗೆ ಹಾರುವುದಿಲ್ಲ. ಪಿಇನ್ವ್ ತಾನಾಗಿ ಹೋಗಲಾರದು. ಎಲ್‌ಟಿ, ಎಸ್‌ಟಿ ಹೊತ್ತ ಕೆಲವು ಹೋಗುತ್ತವೆ. ಕೆಲವು ಸಲ ವಿಷವೂ ಮದ್ದು ತಡೆಯುವ ಜೀನೂ ಒಂದೇ ಪ್ಲಾಸ್ಮಿಡ್‌ನಲ್ಲಿ ಇರುತ್ತದೆ. ನಾವು ಶೀತಕ್ಕೂ ಆಂಟಿಬಯೋಟಿಕ್ ನುಂಗಿದಾಗ ಉಳಿದುಕೊಳ್ಳುವುದು ಅಂಥದ್ದೇ.

ಬೇಕೂರು ಮಾಸ್ತರ್
ಕಾಲರಾ ವಿಷವೂ ಪ್ಲಾಸ್ಮಿಡ್‌ನಲ್ಲೇ ಇದೆ ಅಂತ ಮಕ್ಕಳಿಗೆ ಹೇಳಬಹುದಾ?

ಲ್ಯಾಬ್ ಕೋಟು
ಬೇಡ ಮಾಸ್ತ್ರೇ. ಕಾಲರಾ ವಿಷದ ಜೀನು ತಂದದ್ದು ಒಂದು ವೈರಸ್, ಬ್ಯಾಕ್ಟೀರಿಯಾಕ್ಕೆ ಹಿಡಿಯುವ ವೈರಸ್. 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ತೋರಿಸಿದ್ದು. ಕೆಲವು ಇ.ಕೋಲಿ ಮಾಡುವ, ಕಿಡ್ನಿಗೆ ಪೆಟ್ಟು ಕೊಡುವ ಶಿಗಾ ವಿಷವೂ ಹಾಗೆಯೇ ವೈರಸ್ ದಾರಿಯದ್ದು. 2011ರಲ್ಲಿ ಜರ್ಮನಿಯಲ್ಲಿ ಒಂದು ಇ.ಕೋಲಿಗೆ ಎರಡೂ ಸೇರಿಕೊಂಡಿತು. ಅಂಟುವ ಶಕ್ತಿ ಪ್ಲಾಸ್ಮಿಡ್‌ನಿಂದ, ಶಿಗಾ ವಿಷ ವೈರಸ್‌ನಿಂದ, ಮದ್ದಿಗೆ ಬಗ್ಗದ ಗುಣ ಇನ್ನೊಂದು ಪ್ಲಾಸ್ಮಿಡ್‌ನಿಂದ. 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಸಾವು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಗೂಬೆ ಕೂರಿಸಿದರು. ಕೊನೆಗೆ ನೋಡಿದರೆ ಮೊಳಕೆ ಕಾಳು. ಈಜಿಪ್ಟಿನಿಂದ ಬಂದ ಮೆಂತ್ಯ ಅಂತ ತನಿಖೆ ಬೊಟ್ಟು ಮಾಡಿತು.

ಮಕ್ಕಳಿಗೆ ಹೇಳುವುದಾದರೆ ಶಂಭುನಾಥ ಡೇ ಅವರ ಬಗ್ಗೆ ಹೇಳಿ. ಕೋಲ್ಕತ್ತದಲ್ಲಿ ಮೊಲದ ಕರುಳಿನ ತುಂಡನ್ನು ಎರಡು ಕಡೆ ಕಟ್ಟಿ, ನಡುವೆ ಬ್ಯಾಕ್ಟೀರಿಯಾ ಬಿಟ್ಟು ನೀರು ತುಂಬುವುದನ್ನು ನೋಡಿದವರು. 1956ರಲ್ಲಿ ಕೆಲವು ಇ.ಕೋಲಿ ಕೂಡ ಹಾಗೆ ಮಾಡುತ್ತದೆ ಅಂತ ತೋರಿಸಿದರು, 1959ರಲ್ಲಿ ಕಾಲರಾಕ್ಕೆ ಕಾರಣ ಅದರ ವಿಷ ಅಂತ. ಪ್ಲಾಸ್ಮಿಡ್ ಅನ್ನುವ ಹೆಸರು 1952ರಲ್ಲಿ ಇಟ್ಟದ್ದು ಜೋಶುವಾ ಲೆಡರ್‌ಬರ್ಗ್. ಡೇ ಅವರ ಹೆಸರನ್ನು ನೊಬೆಲ್‌ಗೆ ಕಳಿಸಿದ್ದೂ ಅದೇ ಲೆಡರ್‌ಬರ್ಗ್. ಸಿಗಲಿಲ್ಲ. ನಮ್ಮಲ್ಲಿ ಡೇ ಅಂದರೆ ಯಾರು ಅಂತ ಕೇಳುವವರೇ ಜಾಸ್ತಿ.

ಮುಳ್ಳೇರಿಯ ಅಮ್ಮ
ನಾನು ಅಡುಗೆಮನೆಯವಳು, ನನ್ನ ಪ್ರಶ್ನೆ ಸಣ್ಣದು. ಕುದಿಸಿದರೆ ಎಲ್ಲ ಸಾಯುತ್ತದೆ ತಾನೇ? ಎಸ್‌ಟಿ ಬಿಸಿಗೂ ಜಗ್ಗುವುದಿಲ್ಲ ಅಂದಿರಲ್ಲ, ಅದು ಓದಿ ಹೆದರಿಕೆ ಆಯಿತು.

ಲ್ಯಾಬ್ ಕೋಟು
ನೀರನ್ನು ಕುದಿಸಿದರೆ ಸಾಕು. ಇಟೆಕ್ ವಿಷ ಮಾಡುವುದು ನಮ್ಮ ಕರುಳಿಗೆ ಬಂದ ಮೇಲೆ. ಬ್ಯಾಕ್ಟೀರಿಯಾ ಸತ್ತರೆ ಅಲ್ಲಿಗೆ ಮುಗಿಯಿತು.

ಕುದಿಸಿದರೂ ಉಪಯೋಗವಿಲ್ಲದ್ದು ಒಂದಿದೆ, ಅದು ಅನ್ನದಲ್ಲಿ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ. ಅದರ ಬೀಜಕಣ ಅಕ್ಕಿಯಲ್ಲೇ ಇರುತ್ತದೆ, ಬೇಯಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಾಗ ಮೊಳೆಯುತ್ತದೆ. ಕೆಲವು ತಳಿಗಳಲ್ಲಿ ಒಂದು ದೊಡ್ಡ ಪ್ಲಾಸ್ಮಿಡ್ ಇರುತ್ತದೆ, ಸೆರಿಯುಲೈಡ್ ಅನ್ನುವ ವಿಷ ಮಾಡುತ್ತದೆ, ಅನ್ನದಲ್ಲೇ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಆ ವಿಷ ಕೆಡುವುದಿಲ್ಲ. ಊಟವಾಗಿ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ಪೂಜೆ, ಮದುವೆ ಮನೆಯ ದೊಡ್ಡ ಕೊಪ್ಪರಿಗೆ ಅನ್ನವೇ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೇಲೆ ತಣ್ಣಗೆ, ನಡುವೆ ಗಂಟೆಗಟ್ಟಲೆ ಬೆಚ್ಚಗೆ. ಉಳಿದದ್ದನ್ನು ಬಾಳೆಲೆ ಮೇಲೆ ತೆಳುವಾಗಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಇಡಿ, ಇಲ್ಲವಾದರೆ ದನಕ್ಕೂ ಹಾಕಬೇಡಿ.

ಬಾಯಾರು ಸುರಂಗ
ತಂಗಳು ಗಂಜಿಗೂ ಕಲ್ಲು ಹಾಕಿದಿರಾ!

ಲ್ಯಾಬ್ ಕೋಟು
ಇಲ್ಲ. ನೀರು ಹಾಕಿ ಇಟ್ಟು ಚೆನ್ನಾಗಿ ಹುಳಿ ಬಂದ ಗಂಜಿಯಲ್ಲಿ ಈ ಬ್ಯಾಸಿಲಸ್‌ಗೆ ಬೆಳೆಯುವುದು ಕಷ್ಟ. ನಾನು ಹೇಳಿದ್ದು ಹುಳಿ ಬಾರದೆ ಬೆಚ್ಚಗೆ ಕೂತ ಅನ್ನದ ಬಗ್ಗೆ.

ಪೆರ್ಲದ ತೋಟ
ಗುಂಡಿ ದೂರ ಅಳೆದೆವು. 6 ಮೀಟರೂ ಇಲ್ಲ. ಗುಂಡಿ ನಮ್ಮದೇ. ಅದನ್ನು ಬೇಸಿಗೆಯಲ್ಲಿ ಕೆಳಗಿನ ತೋಟಕ್ಕೆ ಬದಲಿಸಬೇಕು ಅಂತ ಮಾತಾಗಿದೆ. ಅಲ್ಲಿವರೆಗೆ ಬ್ಲೀಚಿಂಗ್ ಹಾಕುವುದು. ಎಷ್ಟು, ಹೇಗೆ ಅಂತ ಮನೆಗೆ ಬಂದ ಚೀಟಿ ಪೂರ್ತಿ ಮಲಯಾಳದಲ್ಲಿದೆ, ಅಮ್ಮನಿಗೆ ಓದಲು ಬರುವುದಿಲ್ಲ.

ಅಡೂರು ಇಂಜಿನಿಯರ್
ಅಮ್ಮನಿಗೆ ಓದಿ ಹೇಳಿ. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ. ನಿಮ್ಮ ಬಾವಿ 2 ಮೀಟರ್ ಅಗಲ, ನೀರು 3 ಮೀಟರ್ ಆಳ ಅಂತಿಟ್ಟುಕೊಳ್ಳಿ. 3.14 ಗುಣಿಸು 1 ಗುಣಿಸು 1 ಗುಣಿಸು 3, ಸುಮಾರು 9,400 ಲೀಟರ್. ಅಂದರೆ 24 ಗ್ರಾಂ ಹತ್ತಿರ. ಪುಡಿಯನ್ನು ಬಕೆಟಲ್ಲಿ ಸ್ವಲ್ಪ ನೀರಿಗೆ ಕಲಸಿ ಗಟ್ಟಿ ಹಿಟ್ಟಿನ ಹಾಗೆ ಮಾಡಿ, ಮೇಲೆ ನೀರು ತುಂಬಿ, ಸುಣ್ಣ ತಳಕ್ಕೆ ಕೂರಲಿ. ಮೇಲಿನ ತಿಳಿಯನ್ನು ಕೊಡಪಾನಕ್ಕೆ ಸುರಿದು ಬಾವಿಗಿಳಿಸಿ, ನೀರೊಳಗೆ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಕಡಿಮೆ ಅಂದರೆ ಒಂದು ಗಂಟೆ ಮುಟ್ಟಬೇಡಿ. ಸಂಜೆ ಹಾಕಿದರೆ ಬೆಳಿಗ್ಗೆ ಬಳಸಬಹುದು. ಡಬ್ಬ ತೆಗೆದಾಗ ಮೂಗಿಗೆ ಘಾಟು ಬಡಿಯದಿದ್ದರೆ ಆ ಪುಡಿ ಸತ್ತಿದೆ, ಹಾಕಿ ಪ್ರಯೋಜನ ಇಲ್ಲ. ಸುರಂಗದವರು ಬರುವ ನೀರಿಗೆ ಹಾಕಲಾರಿರಿ, ತುಂಬಿಸುವ ಟ್ಯಾಂಕಿಗೆ ಲೆಕ್ಕ ಮಾಡಿ. ಕುಡಿಯಲು ಕುದಿಸಿದ್ದೇ ಇರಲಿ.

ಮುಳ್ಳೇರಿಯ ಅಮ್ಮ
ಕೊನೆಗೆ ಒಂದು. ಪಕ್ಕದ ಮನೆಯ ಮಗುವಿಗೆ ನಿನ್ನೆಯಿಂದ ಭೇದಿ, ಇವತ್ತು ರಕ್ತದ ಗೆರೆ ಕಂಡಿತಂತೆ. ಮನೆಯಲ್ಲಿದ್ದ ಹಳೆಯ ಮಾತ್ರೆ ಕೊಟ್ಟಿದ್ದಾರೆ.

ಲ್ಯಾಬ್ ಕೋಟು
ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ, ನಾಳೆಗೆ ಇಡಬೇಡಿ. ಬರೀ ನೀರುಭೇದಿಗೆ ಹೆಚ್ಚಿನ ಸಲ ಓಆರ್‌ಎಸ್ ಮತ್ತು ಸತುವಿನ ಮಾತ್ರೆ ಸಾಕು. ರಕ್ತ ಬಂದರೆ ಲೆಕ್ಕ ಬೇರೆ. ಷಿಗೆಲ್ಲ ಆದರೆ ಆಂಟಿಬಯೋಟಿಕ್ ಬೇಕಾಗಬಹುದು. ಶಿಗಾ ವಿಷದ ಇ.ಕೋಲಿ ಆದರೆ ಅದೇ ಆಂಟಿಬಯೋಟಿಕ್‌ನಿಂದ ವಿಷ ಹೆಚ್ಚಾಗಿ ಕಿಡ್ನಿಗೆ ಪೆಟ್ಟು ಬೀಳುವ ಭಯ ಇದೆ. ಮನೆಯಲ್ಲಿ ಕೂತು ಇದನ್ನು ಹೇಳಲು ಯಾರಿಗೂ ಆಗುವುದಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯಂತೂ ಮಗುವಿಗೆ ಬೇಡವೇ ಬೇಡ.

ದಾರಿಯಲ್ಲಿ ಓಆರ್‌ಎಸ್ ಕೊಡುತ್ತಾ ಇರಲಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧ ಪೊಟ್ಟಣ ಅಂದಾಜಿಗೆ ಹಾಕುವುದು ಬೇಡ. ಎದೆಹಾಲು ಕುಡಿಯುವ ಮಗುವಾದರೆ ಹಾಲು ನಿಲ್ಲಿಸಬಾರದು. ಮೂತ್ರ ಕೊನೆಗೆ ಯಾವಾಗ ಹೋಯಿತು ಅಂತ ಡಾಕ್ಟರು ಕೇಳುತ್ತಾರೆ, ನೆನಪಿಟ್ಟುಕೊಳ್ಳಲಿ. ಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನು ಜೊತೆಗೇ ಒಯ್ಯಲಿ. ಮದ್ದು ಹೊಟ್ಟೆಗೆ ಹೋದ ಮೇಲೆ ತೆಗೆದ ಮಲದಲ್ಲಿ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಅಂತ ಗೊತ್ತಿದ್ದರೆ ಲ್ಯಾಬಿನವರಿಗೆ ಅನುಕೂಲ.

ಮುಳ್ಳೇರಿಯ ಅಮ್ಮ
ಹೇಳಿ ಬಂದೆ. ಜೀಪು ಕರೆಸಿದ್ದಾರೆ, ಹೊರಡುತ್ತಿದ್ದಾರೆ. ಸ್ಟ್ರಿಪ್ಪಿನಲ್ಲಿ ಹೆಸರಿನ ಅರ್ಧ ಹರಿದಿದೆ, ಆದರೂ ಕೊಟ್ಟು ಕಳಿಸಿದೆ.